ಹುಮನಾಬಾದಿನ ಕಾಮಾಲೆ

ಒಂದು ಕಾಲಕ್ಕೆ ಹುಮನಾಬಾದ ತಾಲೂಕಿನಲ್ಲಿ ಇದ್ದಷ್ಟು ಕಾಮಾಲೆ ರೋಗ ಸುತ್ತಲಿನ ಸೀಮೆಯಲ್ಲಿ ಎಲ್ಲೂ ಇರಲಿಲ್ಲ. ಆಸ್ಪತ್ರೆಯ ಡಾಕ್ಟರನ್ನು ಕೇಳಿದರೆ ಅವರು ಒಪ್ಪುತ್ತಿರಲಿಲ್ಲ. ಅವರ ಹತ್ತಿರ ವರ್ಷಕ್ಕೆ ನಾಲ್ಕಾರು ಜನ ಹಳದಿ ಕಣ್ಣು ಮಾಡಿಕೊಂಡು ಬಂದರೆ ಅದೇ ಹೆಚ್ಚು. ಆದರೆ ಕೋರ್ಟಿನ ಕಪಾಟುಗಳನ್ನು ತೆಗೆಸಿ ನೋಡಬೇಕಿತ್ತು. ಅಪೀಲು ತಡವಾಗಿ ಹಾಕಿದವನಿಗೆ ಕಾಮಾಲೆ. ತಾರೀಖಿಗೆ ಹಾಜರಾಗದವನಿಗೆ ಕಾಮಾಲೆ. ಟ್ರ್ಯಾಕ್ಟರು ಹಾಯ್ದು ಕಾಲು ಮುರಿದು, ಊರುಗೋಲು ಬಂದ ಎಷ್ಟೋ ದಿನಕ್ಕೆ ಪರಿಹಾರದ ನೆನಪು ಬಂದವನಿಗೂ ಕಾಲಿನ ಜೊತೆಗೆ ಕಾಮಾಲೆ.

ಈ ರೋಗವೆಲ್ಲ ಹುಟ್ಟುತ್ತಿದ್ದುದು ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ, ಅರ್ಜಿ ಬರೆಯುವ ವೈಜನಾಥನ ಬಲಗೈಯಲ್ಲಿ.

ಸಂಗತಿ ಇಷ್ಟೆ. ಯಾವ ದೂರಿಗೂ ಕಾನೂನು ಒಂದು ವಾಯಿದೆ ಇಟ್ಟಿರುತ್ತದೆ. ಮೋಟಾರು ಗಾಡಿ ಹಾಯ್ದು ಪೆಟ್ಟಾದರೆ ಆರು ತಿಂಗಳೊಳಗೆ ಪರಿಹಾರ ಕೇಳಬೇಕು. ವಾಯಿದೆ ದಾಟಿದರೆ, ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಬೇಕು. ಅದು ನ್ಯಾಯಾಧೀಶರ ಮನಸ್ಸಿಗೆ ಬಂದರೆ ಮಾತ್ರ ಬಾಗಿಲು ಮತ್ತೆ ತೆರೆಯುತ್ತದೆ. ನಮ್ಮ ರೈತರು ಹೇಳುತ್ತಿದ್ದ ಕಾರಣಗಳೋ, ದೇವರಿಗೇ ಪ್ರೀತಿ. ಎತ್ತು ಸತ್ತಿತ್ತು. ಸೋದರಮಾವ ಮುನಿಸಿಕೊಂಡಿದ್ದ, ಅವನನ್ನು ಬಿಟ್ಟು ಕೋರ್ಟು ಹತ್ತುವುದು ಹೇಗೆ. ತೊಗರಿ ರಾಶಿ ಬಂದಿತ್ತು. ವೈಜನಾಥ ಮೊದಮೊದಲು ಇವನ್ನೇ ಬರೆದು ಕೊಟ್ಟ. ಒಂದೂ ನಿಲ್ಲಲಿಲ್ಲ. ಆಮೇಲೆ ಯೋಚಿಸಿ ಕಾಮಾಲೆಯನ್ನು ಹಿಡಿದ. ಜ್ವರವಾದರೆ ವಾರಕ್ಕೆ ಬಿಡುತ್ತದೆ, ಕ್ಷಯವೆಂದು ಬರೆದರೆ ಮನೆಯ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ. ಕಾಮಾಲೆ ಹಾಗಲ್ಲ, ತಿಂಗಳುಗಟ್ಟಲೆ ಮಲಗಿಸುತ್ತದೆ, ಎದ್ದ ಮೇಲೆ ಗುರುತು ಉಳಿಸುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಈ ಸೀಮೆಯಲ್ಲಿ ಕಾಮಾಲೆಯಾದವರು ಯಾರೂ ಡಾಕ್ಟರ ಕಡೆಗೆ ಹೋಗುವುದಿಲ್ಲ, ಎಲೆಯ ರಸ ಕುಡಿಸುವವರ ಹತ್ತಿರ ಹೋಗುತ್ತಾರೆ. ಎಲೆಯ ರಸ ಕುಡಿಸುವವರು ಸರ್ಟಿಫಿಕೇಟು ಕೊಡುತ್ತಾರೆಯೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ.

ವೈಜನಾಥ ಕೆಟ್ಟ ಮನುಷ್ಯನಲ್ಲ. ನಿಜಾಮನ ಕಾಲದಲ್ಲಿ ಉರ್ದು ಕಲಿತು, ಮೀಸೆ ಮೂಡುವ ವಯಸ್ಸಿಗೇ ಕಚೇರಿಯ ಮುಂದೆ ಚಾಪೆ ಹಾಸಿದವನು. ಅವನ ಉರ್ದು ಬರಹ ನೋಡಿ ತಹಸೀಲ್ದಾರರು ಕಾಗದವನ್ನು ಓದುವ ಮೊದಲು ಒಮ್ಮೆ ದೂರ ಹಿಡಿದು ನೋಡುತ್ತಿದ್ದರಂತೆ. ಐವತ್ತಾರರಲ್ಲಿ ರಾಜ್ಯಗಳನ್ನು ಹೊಸದಾಗಿ ಕಟ್ಟಿದಾಗ ಬೀದರ ಜಿಲ್ಲೆ ಮೈಸೂರಿಗೆ ಬಂತು. ಹಿಂದೆಯೇ ಕನ್ನಡವೂ ಬಂತು. ಮನೆಯಲ್ಲಿ ಆಡುವ ಮಾತು ಕನ್ನಡವೇ, ಆದರೆ ಅದರ ಅಕ್ಷರ ಮಾತ್ರ ವೈಜನಾಥನಿಗೆ ಗೊತ್ತಿರಲಿಲ್ಲ. ಮೂವತ್ತರ ಹತ್ತಿರ ಬಂದ ಗಂಡಸು ಪಾಟಿ ಹಿಡಿದು ಕೂರಬೇಕಾಯಿತು. ಕಲಿಸಿದವಳು ಹೆಂಡತಿ ರುಕ್ಮಿಣಿಬಾಯಿ. ಅವಳ ತವರು ಬಸವಕಲ್ಯಾಣ. ಅಲ್ಲಿ ಅವಳ ಅಪ್ಪ ಮಗಳನ್ನು ಮಠದ ಜಗುಲಿಗೆ ಕರೆದೊಯ್ದು ಕೂರಿಸಿ ಓದು ಬರಹ ಕಲಿಸಿದ್ದ. ಬಲದಿಂದ ಎಡಕ್ಕೆ ಓಡುವ ರೂಢಿಯಿದ್ದ ಗಂಡನ ಕೈಯನ್ನು ಅವಳು ಮಣಿಕಟ್ಟು ಹಿಡಿದು ಎಡದಿಂದ ಬಲಕ್ಕೆ ಎಳೆದಳು. ಒಂದು ಬೇಸಿಗೆಯಲ್ಲಿ ಅವನು ಕಲಿತುಬಿಟ್ಟ. ಹೊಟ್ಟೆಪಾಡಿಗಿಂತ ದೊಡ್ಡ ಮಾಸ್ತರ ಯಾರಿದ್ದಾರೆ.

ಆಮೇಲೆ ಆ ಕೈಗೆ ಇದಿರಿಲ್ಲದಂತಾಯಿತು. ವಕೀಲರು ಕೂಡ ತಮ್ಮ ಗುಮಾಸ್ತರನ್ನು ಬಿಟ್ಟು ಅವನಿಂದ ಬರೆಸುತ್ತಿದ್ದರು. ಹೆಬ್ಬೆಟ್ಟಿನವರು ಬಂದರೆ ಅವರ ಎಡ ಹೆಬ್ಬೆರಳನ್ನು ತನ್ನ ಬಲಗೈಯಲ್ಲಿ ಹಿಡಿದು, ಮಸಿಗೆ ಒತ್ತಿ, ಕಾಗದದ ಮೇಲೆ ಮೆಲ್ಲಗೆ ಹೊರಳಿಸುತ್ತಿದ್ದ. ಆ ಕೈಯ ಬಗ್ಗೆ ಅವನಿಗೆ ಸಣ್ಣ ಸೊಕ್ಕು ಕೂಡ ಇತ್ತು. ತನ್ನ ಬದುಕಿನಲ್ಲಿ ಒಂದು ಕಾಗದವನ್ನೂ ಇನ್ನೊಬ್ಬರಿಂದ ಬರೆಸಿಲ್ಲ, ಬರೆಸುವುದೂ ಇಲ್ಲ ಎಂದು ಚಹಾದ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಎಪ್ಪತ್ಮೂರರ ಚೈತ್ರದಲ್ಲಿ ಅವನು ರಾಜೇಶ್ವರಕ್ಕೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಾಟ್ನಿ ಪತ್ರ ಬರೆದುಕೊಡಲು ಸೈಕಲ್ಲಿನ ಮೇಲೆ ಹೋಗಿದ್ದ. ಬರುವಾಗ ಚಕ್ರ ಪಂಕ್ಚರಾಗಿ, ಸೈಕಲ್ಲನ್ನು ತಳ್ಳುತ್ತ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದ. ಹಿಂದಿನಿಂದ ಬಂದ ಲಾರಿ ಎದುರಿನ ಗಾಡಿಗೆ ದಾರಿ ಬಿಡಲು ಹೋಗಿ ಅವನನ್ನು ಸವರಿಕೊಂಡು ಸಾಗಿತು. ಬಿದ್ದವನ ಬಲಗೈ ಮೇಲೆ ಹಿಂದಿನ ಗಾಲಿ ಹಾಯ್ದಿತ್ತು. ಲಾರಿ ಬಸವಕಲ್ಯಾಣದ ಎಣ್ಣೆ ಗಿರಣಿಯ ಸಾಹುಕಾರನೊಬ್ಬನದು. ತಪ್ಪು ಲಾರಿಯದೇ ಎಂದು ಕಂಡವರೆಲ್ಲ ಹೇಳಿದರು, ಲಾರಿಗೆ ವಿಮೆಯೂ ಇತ್ತು.

ಡಾಕ್ಟರು ಕೈ ಉಳಿಸಿದರು. ಬೆರಳುಗಳೂ ಉಳಿದವು, ಆದರೆ ಸಂತೆಯಲ್ಲಿ ಜಜ್ಜಿಹೋದ ಬದನೆಕಾಯಿಯ ಹಾಗೆ ಸುಮ್ಮನೆ ನೇತಾಡಿದವು. ನರಗಳು ಚೇತರಿಸಿಕೊಂಡರೂ ಕೊಳ್ಳಬಹುದು, ಕಾಯಬೇಕು ಎಂದರು ಡಾಕ್ಟರು. ಆ ‘ಬಹುದು’ ಎಂಬುದನ್ನು ವೈಜನಾಥ ಗಟ್ಟಿಯಾಗಿ ಹಿಡಿದುಕೊಂಡ. ಬೇಮಳಖೇಡದಲ್ಲಿ ಮುರಿದ ಕೈಕಾಲು ಕಟ್ಟುವ ಮುನ್ನಿ ಬೀ ಎಂಬ ಮುದುಕಿ ಇದ್ದಳು. ವಾರವಾರ ಬಸ್ಸು ಹತ್ತಿ ಅವಳಲ್ಲಿಗೆ ಹೋದ. ಅವಳು ಎಣ್ಣೆ ತಿಕ್ಕಿ, ಬಿದಿರಿನ ಚಕ್ಕೆ ಇಟ್ಟು, ಹೊಸ ಅರಿವೆ ಸುತ್ತಿ, ಸಬೂರಿ ಇಡಬೇಕು ಎನ್ನುತ್ತಿದ್ದಳು. ಅವನು ಇಟ್ಟ.

ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬರೆಯುವ ಮಣೆಯ ಮುಂದೆ ಕೂರುತ್ತಿದ್ದ. ರುಕ್ಮಿಣಿಬಾಯಿ ಅವನ ಬಲಗೈ ಬೆರಳುಗಳ ನಡುವೆ ಪೆನ್ನು ಸಿಕ್ಕಿಸುತ್ತಿದ್ದಳು. ಪೆನ್ನು ಬೀಳುತ್ತಿತ್ತು. ಅವಳು ಎತ್ತಿಟ್ಟು, ಏನೂ ಆಗಿಲ್ಲವೆಂಬ ಹಾಗೆ ರೊಟ್ಟಿ ಬಡಿಯಲು ಏಳುತ್ತಿದ್ದಳು. ಕೌದಿ ಹೊಲಿದು ಕೊಟ್ಟು ಮನೆ ನಡೆಸುತ್ತಿದ್ದವಳು ಈಗ ಅವಳೇ.

ಪರಿಹಾರದ ಅರ್ಜಿ ಹಾಕು ಎಂದು ಊರೇ ಹೇಳಿತು. ಊರಿಗೆಲ್ಲ ವಾಯಿದೆ ನೆನಪಿಸುತ್ತಿದ್ದವನಿಗೆ ಊರು ವಾಯಿದೆ ನೆನಪಿಸಿತು. ಕೈ ಬರಲಿ, ನನ್ನ ಅರ್ಜಿ ನಾನೇ ಬರೆಯುತ್ತೇನೆ ಎಂದು ಅವನು ನಕ್ಕು ಬಿಡುತ್ತಿದ್ದ. ಆರು ತಿಂಗಳು ತುಂಬಲು ಬಂದಾಗ ರುಕ್ಮಿಣಿಬಾಯಿ, ತಾನು ಬರೆದುಕೊಡುವುದಾಗಿ ಮೆಲ್ಲಗೆ ಹೇಳಿದಳು. ಅಕ್ಷರ ಕಲಿಸಿದವಳೇ ಅವಳು. ಆ ಮನೆಯಲ್ಲಿ ಅವಳಿಗಿಂತ ಒಳ್ಳೆಯ ಬರಹಗಾರರು ಇರಲಿಲ್ಲ. ವೈಜನಾಥ ಸಿಟ್ಟಿನಿಂದ ಮಣೆಯನ್ನೇ ಒದ್ದು ಎದ್ದು ಹೋದ. ಮದುವೆಯಾದಾಗಿನಿಂದ ಅವಳ ಮೇಲೆ ಅವನು ಹಾಗೆ ಹರಿಹಾಯ್ದದ್ದು ಅದೇ ಮೊದಲು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ವಾಯಿದೆ ದಾಟಿಹೋಯಿತು.

ಸಂಕ್ರಾಂತಿ ಕಳೆದ ಮೇಲಿನ ಒಂದು ದಿನ ಮುನ್ನಿ ಬೀ ಕಟ್ಟು ಬಿಚ್ಚಿದಳು. ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಬಿಟ್ಟು, ಬಹಳ ಹೊತ್ತು ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಹೊಸ ಅರಿವೆ ಸುತ್ತಲಿಲ್ಲ.

“ಭಾವು, ಇನ್ನ ನನ್ ಹಂತ್ಯಾಕ ಬರಬ್ಯಾಡ್ರಿ,” ಎಂದಳು. “ಈ ಕೈಯಾಗ ನಾ ಕಟ್ಟೋದು ಏನೂ ಉಳ್ದಿಲ್ಲ.”

ಬಸ್ಸಿನಲ್ಲಿ ವೈಜನಾಥ ಕೈಯನ್ನು ಧೋತರದ ಸೆರಗಿನಲ್ಲಿ ಮುಚ್ಚಿಕೊಂಡು ಬಂದ. ಮನೆಗೆ ಬಂದು ಹೆಂಡತಿಯ ಮುಂದೆ ಕುಳಿತು ಅತ್ತ. ಲಾರಿ ಹಾಯ್ದಾಗ ಅತ್ತಿರಲಿಲ್ಲ, ಹೊಲಿಗೆ ಹಾಕುವಾಗಲೂ ಅತ್ತಿರಲಿಲ್ಲ. ರುಕ್ಮಿಣಿಬಾಯಿ ಸಮಾಧಾನ ಹೇಳಲಿಲ್ಲ. ಅವಳಿಗೂ ಅಳು ಬಂದಿತ್ತು.

ಮರುದಿನ ಅವನೇ ಮಣೆಯನ್ನು ಎಳೆದು ಅವಳ ಮುಂದಿಟ್ಟ. ಅವನು ಹೇಳಿದ, ಅವಳು ಬರೆದಳು. ಅರ್ಜಿದಾರನ ಹೆಸರು, ತಂದೆಯ ಹೆಸರು, ವಾಸ. ‘ಉದ್ಯೋಗ’ ಎನ್ನುವಲ್ಲಿ ಅವನ ಬಾಯಿ ಕಟ್ಟಿತು. ಅವಳು ಕೇಳದೆಯೇ ‘ಅರ್ಜಿ ಬರೆಯುವುದು’ ಎಂದು ಬರೆದು ಮುಂದಿನ ಸಾಲಿಗೆ ಹೋದಳು. ಘಟನೆ ಆಯಿತು, ಪೆಟ್ಟು ಆಯಿತು. ತಡವಾದ ಕಾರಣ ಬಂತು. ವೈಜನಾಥನ ನಾಲಿಗೆ, ದಾರಿ ಗೊತ್ತಿದ್ದ ಎತ್ತಿನ ಹಾಗೆ ತಾನೇ ನಡೆಯಿತು: “ಅರ್ಜಿದಾರನು ಕಾಮಾಲೆ ರೋಗದಿಂದ ಹಾಸಿಗೆ ಹಿಡಿದಿದ್ದು...”

ರುಕ್ಮಿಣಿಬಾಯಿ ಪೆನ್ನು ಕೆಳಗಿಟ್ಟಳು.

“ಇದು ನಾ ಬರಿಯಂಗಿಲ್ರಿ. ಮಂದಿಗಿ ನೀವು ಬರ್ಕೊಟ್ರಿ, ನಾ ಏನೂ ಅನ್ಲಿಲ್ಲ. ನಿಮಗೇನು ಆಗಿತ್ತಂಬೋದು ನಂಗ ಗೊತ್ತದ. ಕಾಮಾಲಿ ಆಗಿರ್ಲಿಲ್ಲ.”

“ಮತ್ತೇನು ಬರೀತಿ? ಕೈ ಬರ್ತದಂತ ಆಸೆ ಇತ್ತು ಅಂತ ಬರೀತಿಯೇನು? ಕಾನೂನಿನ್ಯಾಗ ಆಸೆಗಿ ಕಲಮು ಅದ ಏನು?”

“ಕಲಮು ಇರ್ಲಿ ಬಿಡ್ಲಿ. ಖರೇ ಅದೇ ಹೌದಿಲ್ರಿ?”

ಎಷ್ಟು ಜನರಿಗೆ ಎಷ್ಟು ಕಾರಣ ಹೊಸೆದು ಕೊಟ್ಟವನು. ತನ್ನದೇ ಕಾರಣ ಹುಡುಕಿದರೆ ಇದೊಂದು ಬಿಟ್ಟು ಬೇರೆ ಸಿಗಲಿಲ್ಲ. ಕೈ ಮತ್ತೆ ಬರುತ್ತದೆಂಬ ಆಸೆಯಲ್ಲಿ ತಡವಾಯಿತು ಎಂದು ಅವಳು ತನ್ನ ದುಂಡು ಅಕ್ಷರದಲ್ಲಿ ಬರೆದು ಮುಗಿಸಿದಳು. ಈ ಒಂದು ಸಾಲಿನಿಂದ ಅರ್ಜಿ ನೀರು ಪಾಲಾಗುತ್ತದೆಂದು ಅವನಿಗೆ ಖಾತ್ರಿಯಿತ್ತು. ಹಾಗೆಂದು ತಿದ್ದುವುದು ಯಾವ ಕೈಯಿಂದ? ಬರೆಯುವವರ ಕೈಯಲ್ಲೇ ಅರ್ಜಿ ಇರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು.

ಆ ವರ್ಷ ಇಂಥ ದಾವೆ ಕೇಳಲು ಬೀದರಿನ ನ್ಯಾಯಾಧೀಶರು ಆಗಾಗ ಹುಮನಾಬಾದಿಗೇ ಬಂದು ಕೂರುತ್ತಿದ್ದರು. ಮೈಸೂರು ಕಡೆಯವರು, ಮಾತು ಕಡಿಮೆ. ಅಂದು ಕೆಲಸವಿಲ್ಲದವರೂ ಬಂದು ಕೋರ್ಟಿನ ಗೋಡೆಗೆ ಒರಗಿ ನಿಂತಿದ್ದರು. ಕಾಮಾಲೆಯ ವೈಜನಾಥ ತನಗೆ ತಾನು ಯಾವ ರೋಗ ತಂದುಕೊಂಡಿದ್ದಾನೆ ನೋಡೋಣ ಎಂದು ಬಂದವರು ಅವರು. ವೈಜನಾಥ ವಕೀಲರನ್ನು ಇಟ್ಟುಕೊಂಡಿರಲಿಲ್ಲ. ಎದುರು ಪಾರ್ಟಿಗೆ ನಿಂತವರು ಮಕ್ಬೂಲ್ ಸಾಹೇಬರು. ಅವರೂ ನಿಜಾಮನ ಕಾಲದ ಕಚೇರಿಯಲ್ಲೇ ಕೂದಲು ನರೆಸಿದವರು. ವೈಜನಾಥನ ಚಾಪೆಯ ಮೇಲೆ ಕುಳಿತು ಅದೆಷ್ಟೋ ಸಲ ಚಹಾ ಕುಡಿದವರು. ಆದರೆ ವಕೀಲಿ ಎಂದರೆ ವಕೀಲಿ. ಕರಿ ಕೋಟು ಹಾಕಿದ ಮೇಲೆ ಅವರು ಅಪ್ಪನನ್ನೂ ಬಿಡುವವರಲ್ಲ.

“ವೈಜನಾಥರ, ಆರು ತಿಂಗಳ ವಾಯಿದಾ ಅದ ಅಂಬೋದು ನಿಮಗ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ರಿ.”

ಗೋಡೆಗೆ ಒರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹಳ್ಳಿಯ ಹೆಬ್ಬೆಟ್ಟಿನವನು ಗೊತ್ತಿರಲಿಲ್ಲ ಎಂದರೆ ನಂಬಬಹುದು. ಇವನಿಗೆ ಆ ದಾರಿಯೂ ಇರಲಿಲ್ಲ.

ತಡವಾದ ಅರ್ಜಿಗಳಿಗೆ ಇಷ್ಟು ವರ್ಷ ಕಾರಣ ಬರೆದುಕೊಟ್ಟವರು ನೀವೇ ಅಲ್ಲವೇ ಎಂದು ಮಕ್ಬೂಲ್ ಸಾಹೇಬರು ಕೇಳಿದರು. ಹೌದು ಎಂದ. ಅದರಲ್ಲಿ ಕಾಮಾಲೆ ಎಷ್ಟು, ನಿಜ ಎಷ್ಟು ಎಂದು ಕೇಳಿದರು. ಜನ ನಕ್ಕರು, ಕೋರ್ಟಿನ ಕಾಗದ ನೋಡುವ ಪೇಶಕಾರನೂ ಬಾಯಿಗೆ ಕೈ ಅಡ್ಡ ಹಿಡಿದ. ವೈಜನಾಥ ಕಟಕಟೆಯ ಕಂಬಿಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ. ಒಪ್ಪಿಕೊಂಡರೆ ತನ್ನ ಮಾತಿಗೆ ಬೆಲೆ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಕಪಾಟುಗಳೇ ಸಾಕ್ಷಿ ಹೇಳುತ್ತವೆ. ಅತ್ತ ದರಿ, ಇತ್ತ ಪುಲಿ.

“ಕಾಮಾಲಿ ಎಲ್ಲಾ ನಂದೇ ರೀ,” ಎಂದ. “ರೈತ್ರು ಪಾಪ ಖರೇನೇ ಹೇಳ್ತಿದ್ರು. ಅವ್ರ ಖರೇ ಸಣ್ಣದ ಅದ, ಕೋರ್ಟಿನ್ಯಾಗ ನಡಿಯಂಗಿಲ್ಲ ಅಂತ ನಾನೇ ತೆಗ್ದು ಹಾಕ್ತಿದ್ದೆ.”

ನಗು ನಿಂತಿತು. ಮಕ್ಬೂಲ್ ಸಾಹೇಬರು ದನಿ ಏರಿಸಲಿಲ್ಲ.

“ಹಂಗಾದ್ರ ಇವತ್ತ ನೀವು ಹೇಳಾಕತ್ತಿದ್ದು ಹ್ಯಾಂಗ ನಂಬಬೇಕ್ರಿ?”

ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನಿಜವಾದ ಹುಲಿ ಬಂದ ದಿನ ಅವನ ಎದೆ ಹೇಗೆ ಹೊಡೆದುಕೊಂಡಿತೆಂಬುದು ಮಾತ್ರ ವೈಜನಾಥನಿಗೆ ಆ ಹೊತ್ತು ತಿಳಿಯಿತು. ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದ ರುಕ್ಮಿಣಿಬಾಯಿಯ ಕಡೆಗೊಮ್ಮೆ ನೋಡಿದ. ನ್ಯಾಯಾಧೀಶರು ತಲೆ ಎತ್ತಿದರು.

“ನಿಮಗೆ ವಾಯಿದೆ ಗೊತ್ತಿತ್ತು. ಈ ಅರ್ಜಿ ಬರೆದವರೂ ಮನೆಯಲ್ಲೇ ಇದ್ದರು. ಆದರೂ ಸುಮ್ಮನೆ ಕೂತಿರಿ. ಯಾಕೆ?”

“ಸಾಹೇಬ್ರ, ಅರ್ಜಿ ಹಾಕಬೇಕಂದ್ರ ಮೊದಲ ಅದ್ರಾಗ ಕೈ ಹೋಯ್ತು ಅಂತ ಬರೀಬೇಕಲ್ರಿ. ಬರ್ದ ಮ್ಯಾಲ ಅದು ಹೋದಂಗೇ. ಅದ್ಕ ಅಂಜಿದೆ ರೀ.” ಅವನು ಎಡಗೈಯಿಂದ ಬಲಗೈಯನ್ನು ಕಂಬಿಯ ಮೇಲೆ ಎತ್ತಿಟ್ಟ. “ಲಾರಿ ಹಾಯ್ದದ್ದು ಚೈತ್ರದಾಗ. ನನ್ ಕೈ ಹೋಗಿದ್ದು ಮುನ್ನಿ ಬೀ ಇನ್ನ ಬರಬ್ಯಾಡ ಅಂದ ದಿವ್ಸ. ಅಲ್ಲಿತನಾ ಅದು ನಂದೇ ಇತ್ರಿ. ಅಲ್ಲಿಂದ ಹಿಡ್ದ್ರ ನಾ ತಡಾ ಮಾಡಿಲ್ಲ.”

ಮಕ್ಬೂಲ್ ಸಾಹೇಬರು ಇನ್ನೇನೂ ಕೇಳದೆ ಕುಳಿತರು. ನ್ಯಾಯಾಧೀಶರು ಹೇಳಿಕೆಯನ್ನು ಬರೆಸಿ, ಸಹಿಗೆ ಕೊಡಲು ಹೇಳಿದರು. ಪೇಶಕಾರ ಬಂದು, ವೈಜನಾಥನ ಕೈ ನೋಡಿ, ಮಸಿಯ ಡಬ್ಬಿಯನ್ನು ಮುಂದೆ ಸರಿಸಿದ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಅರ್ಜಿಗೆ ಮನೆಯಲ್ಲೇ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ದ ವೈಜನಾಥ, ಇಲ್ಲಿ ಊರಿನ ಎದುರಿಗೆ ಡಬ್ಬಿಯನ್ನು ನೋಡುತ್ತ ನಿಂತುಬಿಟ್ಟ. ಆಮೇಲೆ, ಸಹಿ ಮಾಡುತ್ತೇನೆ, ಎಡಗೈ ಇದೆ ಎಂದು ಪೆನ್ನು ಕೇಳಿದ.

ಎಡಗೈಯಿಂದ ಅವನು ಬರೆದು ಅಭ್ಯಾಸ ಮಾಡಿರಲಿಲ್ಲ. ಬಲಗೈಗೆ ದ್ರೋಹ ಮಾಡಿದಂತಾಗುತ್ತದೆಂದು ಪೆನ್ನನ್ನು ಎಡಗೈಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಕಾಗದದ ಎಡ ಅಂಚಿಗೆ ಪೆನ್ನು ಊರಿ ತನ್ನ ಹೆಸರಿನ ಮೊದಲ ಅಕ್ಷರ ಸುತ್ತಲು ಹೋದ. ಅದು ಅಕ್ಷರವಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ, ಮಸಿ ಹರಡಿತು. ಪೇಶಕಾರ ಮುಂದಿನ ದಾವೆಯ ಹೆಸರು ಗೊಣಗಿದ. “ಇರಲಿ, ಬರೆಯಲಿ ಬಿಡಿ,” ಎಂದರು ನ್ಯಾಯಾಧೀಶರು. “ಹೊತ್ತಾದರೆ ಆಗಲಿ.”

ವೈಜನಾಥ ಪೆನ್ನು ಎತ್ತಿದ. ಆಗ ಎಡಗೈ, ಯಾರೂ ಹೇಳದೆ, ಕಾಗದದ ಬಲ ಅಂಚಿಗೆ ಹೋಯಿತು. ಅಲ್ಲಿಂದ ಎಡಕ್ಕೆ, ತನ್ನ ಮೈಯ ಕಡೆಗೆ, ನಿಧಾನವಾಗಿ ಎಳೆಯಿತು. ಅಕ್ಷರಗಳು ಮೂಡತೊಡಗಿದವು. ಹುಡುಗನಾಗಿದ್ದಾಗ ಕಲಿತ ಉರ್ದು ಅಕ್ಷರಗಳು. ನಡುಗುತ್ತಿದ್ದವು, ಆದರೆ ಮುರಿಯಲಿಲ್ಲ. ಕೋರ್ಟು ಅವನು ಮುಗಿಸುವ ತನಕ ಕಾಯಿತು.

ನ್ಯಾಯಾಧೀಶರಿಗೆ ಉರ್ದು ಬರುತ್ತಿರಲಿಲ್ಲ, ಪೇಶಕಾರನೂ ಹೊಸಬ. ಓದುವವರು ಯಾರಾದರೂ ಇದ್ದಾರೆಯೇ ಎಂದಾಗ ಮಕ್ಬೂಲ್ ಸಾಹೇಬರು ಎದ್ದು, ಕನ್ನಡಕ ಏರಿಸಿ, ಮೇಜಿನ ಹತ್ತಿರ ಬಂದರು. ಇದು ಇವನ ಎಂದಿನ ಸಹಿಯಲ್ಲ, ಎಂದಿನ ಕೈಯೂ ಅಲ್ಲ ಎಂದು ಅವರು ತಕರಾರು ತೆಗೆಯಬಹುದಿತ್ತು. ಅವರು ಕಾಗದವನ್ನು ತುಸು ದೂರ ಹಿಡಿದು ನೋಡಿದರು, ಹಿಂದಿನ ತಹಸೀಲ್ದಾರರು ನೋಡುತ್ತಿದ್ದ ಹಾಗೆ. ನೋಡುತ್ತಲೇ ಇದ್ದರು.

“ವೈಜನಾಥ, ಅರ್ಜಿನವೀಸ, ಹುಮನಾಬಾದ,” ಎಂದು ಓದಿದರು. “ಇದು ಇವರದೇ ಅಕ್ಷರ ರೀ. ಹುಡುಗ ಇದ್ದಾಗಿಂದ ನೋಡಾಕತ್ತೀನಿ. ತಡಾ ಆಗಿದ್ರ ಬಾಬತ್ತು ನಂದು ಇನ್ನೇನೂ ತಕರಾರು ಇಲ್ರಿ.”

ತಡವನ್ನು ಮನ್ನಿಸಲಾಗಿದೆ ಎಂದು ಅಂದೇ ಹುಕುಮಾಯಿತು. ದಾವೆ ಮುಂದೆ ವರ್ಷಗಟ್ಟಲೆ ನಡೆಯಿತು. ಮಕ್ಬೂಲ್ ಸಾಹೇಬರು ಮತ್ತೆ ಕರಿ ಕೋಟಿನ ಮನುಷ್ಯರಾಗಿ ಒಂದೊಂದು ಮಾತಿಗೂ ಜಗ್ಗಾಡಿದರು. ಕೇಳಿದ್ದಷ್ಟು ಸಿಗಲಿಲ್ಲ, ಸಿಕ್ಕದ್ದರಲ್ಲಿ ಮನೆ ನಿಂತಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ವೈಜನಾಥನ ಮಟ್ಟಿಗೆ ಗೆಲುವು ಆ ಸಹಿಯ ದಿನವೇ ಮುಗಿದಿತ್ತು.

ಬೇವಿನ ಮರದ ಕೆಳಗೆ ಚಾಪೆ ಮತ್ತೆ ಬಿತ್ತು, ಈ ಸಲ ಎರಡು. ಅವನು ಕೇಳುವುದು, ರುಕ್ಮಿಣಿಬಾಯಿ ತಲೆಯ ಮೇಲೆ ಸೆರಗು ಹೊದ್ದು ಬರೆಯುವುದು. ತಡವಾಗಿ ಬಂದವರನ್ನು, ಖರೇ ಹೇಳು, ಯಾಕ ತಡ ಆಯ್ತು ಎಂದು ಅವನು ಪೀಡಿಸುತ್ತಿದ್ದ. ಎತ್ತು ಸತ್ತಿದ್ದರೆ ಎತ್ತು ಸತ್ತಿತೆಂದೇ ಬರೆಯಿಸುತ್ತಿದ್ದ, ಅದು ಯಾವ ಎತ್ತು, ಯಾವ ಬಿತ್ತನೆಗೆ ಮೊದಲು ಸತ್ತಿತು ಎಂಬುದನ್ನೂ ಕೇಳಿ ಸೇರಿಸುತ್ತಿದ್ದ. ಕೆಲವು ನಿಂತವು, ಕೆಲವು ಬಿದ್ದುಹೋದವು. ಹಳೆಯ ಔಷಧಿಯೇ ಬೇಕೆಂದವರು ಬೇರೆ ಕಡೆ ಹೋದರು. ಹುಮನಾಬಾದಿನಲ್ಲಿ ಕಾಮಾಲೆ ಇಳಿದುಹೋಯಿತೆಂದು ಚಹಾದ ಅಂಗಡಿಯವರು ನಗುತ್ತಿದ್ದರು.

ಎಂಬತ್ತರ ಸುಮಾರಿಗೆ ಶೇವಂತಾಬಾಯಿ ಎಂಬ ಕೂಲಿಯ ಹೆಂಗಸು ಬಂದಳು. ಕಲ್ಲು ಹೇರಿದ ಟ್ರ್ಯಾಕ್ಟರು ಹಾಯ್ದು ಅವಳ ಪಾದ ಚಪ್ಪಟೆಯಾಗಿತ್ತು, ವಾಯಿದೆ ದಾಟಿತ್ತು. ಯಾಕ ತಡ ಆಯ್ತವ್ವಾ ಎಂದು ವೈಜನಾಥ ಕೇಳಿದ. ಕಾಮಾಲಿ ಆಗಿತ್ರಿ ಎಂದಳು ಅವಳು. ಅವನು ರೇಗಿದ. ಈ ಸುಳ್ಳು ನನಗೇ ಹೇಳಲು ಬಂದೆಯಾ ಎಂದ. ರುಕ್ಮಿಣಿಬಾಯಿ ಪೆನ್ನು ಇಟ್ಟು, ಆ ಹೆಂಗಸಿನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಣ್ಣಿನ ಬಿಳಿಯಲ್ಲಿ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

ತಾನು ಬರೆದ ಕಾಮಾಲೆಗಳೆಲ್ಲ ಕಪಾಟಿನಲ್ಲಿ ಕುಳಿತು ಈ ಒಬ್ಬಳ ಬಾಗಿಲು ಮುಚ್ಚಲು ಕಾಯುತ್ತಿದ್ದವೆಂದು ವೈಜನಾಥನಿಗೆ ನಾಚಿಕೆಯಾಯಿತು. ಮೊದಲು ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಡಾಕ್ಟರಿಂದ ಕಾಗದ ಬರೆಯಿಸಿದ. ಆಮೇಲೆ ತಾರೀಖಿನ ದಿನ ಅವಳ ಜೊತೆ ತಾನೂ ಕಟಕಟೆ ಹತ್ತಿ, ಹಿಂದಿನವೆಲ್ಲ ನನ್ನ ಸುಳ್ಳು, ಇದು ಇವಳ ನಿಜ ಎಂದು ಸಾಕ್ಷಿ ಹೇಳಿ, ಎಡಗೈಯಿಂದ ಬಲದಿಂದ ಎಡಕ್ಕೆ ಸಹಿ ಹಾಕಿ ಬಂದ. ಶೇವಂತಾಬಾಯಿಯ ತಡವೂ ಮಾಫಾಯಿತು. ರುಕ್ಮಿಣಿಬಾಯಿ ತನ್ನ ದುಂಡು ಅಕ್ಷರದಲ್ಲಿ ಕಾಮಾಲೆ ಎಂದು ಬರೆದದ್ದು ಅದೊಂದೇ ಸಲ.